ಐದು ಜೋಡಿ, ಒಂದು ಕೊಲೆ, ಒಂದು ಗಿಳಿ

ಹೋದ ಸೆಮ್‌ನಲ್ಲಿ ನಾನೊಂದು ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿ ಬರೆಯೋಕೆ ಶುರು ಮಾಡಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಒಂದು ಕೊಲೆ, ಕೆಳಗೆ ಊರಲ್ಲಿ ಐದು ಪ್ರೇಮಿಗಳ ಜೋಡಿ. ಹನ್ನೊಂದನೇ ಅಧ್ಯಾಯ ಓದಿದ ರೂಮ್‌ಮೇಟ್ ಕೇಳಿದ್ದು ಒಂದೇ ಪ್ರಶ್ನೆ: "ಲೇ, ಸತ್ತಿದ್ದು ಯಾರು ಹೇಳು?" ತಮಾಷೆಗಲ್ಲ, ನಿಜವಾಗಿ ಮರೆತಿದ್ದಳು. ನಾನೂ ಒಂದು ಕ್ಷಣ ಯೋಚಿಸಬೇಕಾಯ್ತು.

ಅಜ್ಜಿಗೆ ಹೇಳಿದೆ. ಅವರು ನಕ್ಕು, "ಮೊದಲು ಕಾದಂಬರಿಯ ಕತೆ ಕೇಳು" ಅಂದ್ರು. ನಾವೆಲ್‌ಗೆ ನಾವು 'ಕಾದಂಬರಿ' ಅಂತೀವಲ್ಲ, ಅದು 7ನೇ ಶತಮಾನದ ಬಾಣಭಟ್ಟನ ಸಂಸ್ಕೃತ ಕೃತಿಯ ಹೆಸರು, ಅದರ ನಾಯಕಿಯ ಹೆಸರು. ಬಾಣ ಅರ್ಧದಲ್ಲೇ ತೀರಿಕೊಂಡ, ಮಗ ಮುಗಿಸಿದ. ಮುಂದೆ ನಾಗವರ್ಮ ಅದನ್ನು ಹಳಗನ್ನಡಕ್ಕೆ 'ಕರ್ಣಾಟಕ ಕಾದಂಬರಿ'ಯಾಗಿ ತಂದ. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದರ ಮೊದಲ ಪದ್ಯವೇ ದಾಟಲಿಲ್ಲ. ಅದಕ್ಕೇ ಅಜ್ಜಿ.)

ಕತೆ ಹೀಗಿದೆ. ಪುಂಡರೀಕ ಅನ್ನೋ ಮುನಿಕುಮಾರ ಮಹಾಶ್ವೇತೆಯನ್ನು ಪ್ರೀತಿಸಿ, ಅವಳು ಬಂದು ಸೇರೋ ಮೊದಲೇ ವಿರಹದಲ್ಲಿ ಸಾಯ್ತಾನೆ. ಆಕಾಶದಿಂದ ಯಾರೋ ಇಳಿದು ಹೆಣವನ್ನೇ ಎತ್ತಿಕೊಂಡು ಹೋಗ್ತಾರೆ, ಮತ್ತೆ ಸೇರ್ತೀರಿ ಅಂತ ಮಾತು ಕೊಟ್ಟು. ಅವಳು ಸರೋವರದ ದಡದಲ್ಲಿ ತಪಸ್ಸಿಗೆ ಕೂರ್ತಾಳೆ. ಗೆಳತಿಗೆ ಈ ಗತಿ ಇರುವಾಗ ನಾನು ಮದುವೆಯಾಗಲ್ಲ ಅಂತ ಕಾದಂಬರಿ ಹಟ ಹಿಡೀತಾಳೆ. ಅಷ್ಟರಲ್ಲಿ ರಾಜಕುಮಾರ ಚಂದ್ರಾಪೀಡ ಬರ್ತಾನೆ, ಕಾದಂಬರಿಯ ಮನಸ್ಸು ಸೋಲುತ್ತೆ. ಅವನ ಗೆಳೆಯ ವೈಶಂಪಾಯನ ಮಹಾಶ್ವೇತೆಯ ಹಿಂದೆ ಬಿದ್ದು, ಗಿಳಿಯಾಗು ಅಂತ ಅವಳಿಂದಲೇ ಶಾಪ ತಿಂತಾನೆ. ಅವನೇ ಪುಂಡರೀಕನ ಮರುಹುಟ್ಟು ಅಂತ ಅವಳಿಗೆ ಗೊತ್ತಿಲ್ಲ! ಗೆಳೆಯನ ಸುದ್ದಿ ಕೇಳಿ ಚಂದ್ರಾಪೀಡನ ಎದೆಯೂ ಒಡೆಯುತ್ತೆ. ಇಷ್ಟನ್ನೂ ಶೂದ್ರಕ ಅನ್ನೋ ರಾಜನಿಗೆ ಒಂದು ಗಿಳಿ ಹೇಳ್ತಿರುತ್ತೆ. ಹೇಳ್ತಿರೋ ಗಿಳಿಯೇ ಆ ಗೆಳೆಯ, ಕೇಳ್ತಿರೋ ರಾಜನೇ ಚಂದ್ರಾಪೀಡ. ರಾಜನಿಗೆ ಮಾತ್ರ ಅದು ನೆನಪಿಲ್ಲ.

ಮೂರು ಜನ್ಮ, ಶಾಪದ ಮೇಲೆ ಶಾಪ, ಕತೆಯೊಳಗೆ ಕತೆ. ನನ್ನ ಕತೆಗಿಂತ ಗೋಜಲು. ಆದರೂ ಅಜ್ಜಿ ಹೇಳ್ತಾ ಹೇಳ್ತಾ ನನಗೆ ಯಾರು ಸತ್ತರು ಅಂತ ಒಮ್ಮೆಯೂ ಮರೆಯಲಿಲ್ಲ. ಯಾಕೆ?

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಾಣನದು ಸೀರೀಸ್ ಸರ್ಕ್ಯೂಟ್. ಪುಂಡರೀಕ ಸತ್ತಿದ್ದಕ್ಕೆ ಮಹಾಶ್ವೇತೆಯ ತಪಸ್ಸು, ಆ ತಪಸ್ಸಿಗಾಗಿ ಕಾದಂಬರಿಯ ಹಟ, ಆ ಹಟ ಚಂದ್ರಾಪೀಡನ ದಾರಿಗೆ ಅಡ್ಡ. ಒಂದು ಕಡೆ ವೈರ್ ಕಟ್ಟಾದ್ರೆ ಎರಡೂ ಜೋಡಿ ಕತ್ತಲಲ್ಲಿ. ನನ್ನದು ಮನೆಯ ವೈರಿಂಗ್ ಥರ ಪ್ಯಾರಲಲ್. ಮೂರನೇ ಜೋಡಿ ಕೈಬಿಟ್ಟರೂ ಉಳಿದ ನಾಲ್ಕು ಬಲ್ಬ್ ಆರಾಮಾಗಿ ಉರೀತವೆ. ಕೊಲೆಗಾರ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಮನೆಗೆ ಒಳ್ಳೇದು, ಕತೆಗೆ ಅಲ್ಲ.

ಇನ್ನೊಂದು ಲೆಕ್ಕ. ವಾರಕ್ಕೊಂದು ಅಧ್ಯಾಯ, ಅಧ್ಯಾಯಕ್ಕೊಂದು ಜೋಡಿ ಅಂದ್ರೆ, ಇವತ್ತು ಬಾಗಿಲು ಬಡಿದವರು ಯಾರು ಅಂತ ಗೊತ್ತಾಗೋದು ಐದು ವಾರದ ಮೇಲೆ. ವಾರಪತ್ರಿಕೆ ಧಾರಾವಾಹಿಗಾಗಿ ಕಾದು ಕೂರುತ್ತಿದ್ದ ಅಜ್ಜಿ ಹೇಳೋದು: "ಒಂದು ವಾರ ಕಾಯಬಹುದು ಪುಟ್ಟಿ. ಐದು ವಾರ ಆದ್ರೆ ಬಾಗಿಲೇ ಮರೆತುಹೋಗುತ್ತೆ."

ಜನ ಕಮ್ಮಿ ಇದ್ದರೆ ಸಸ್ಪೆನ್ಸ್ ಕಮ್ಮಿ ಅನ್ನೋದೂ ಸುಳ್ಳು. ಇದೇ ಮೈಸೂರಿನಲ್ಲಿದ್ದು ಬರೆದ ತ್ರಿವೇಣಿ (1928–1963) ಅವರ 'ಶರಪಂಜರ'ದಲ್ಲಿ ಕೊಲೆಗಾರನ ಹುಡುಕಾಟ ಇಲ್ಲ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರು ನಂಬ್ತಾರಾ ಅನ್ನೋದಷ್ಟೇ. ಅಷ್ಟಕ್ಕೇ ನಾನು ಇಂಟರ್ನಲ್ಸ್ ಹಿಂದಿನ ರಾತ್ರಿ ಎರಡರವರೆಗೆ ಎದ್ದಿದ್ದೆ. ಮಾರ್ಕ್ಸ್ ಕೇಳಬೇಡಿ.

ಈಗ ಮೂರು ಜೋಡಿಗಳನ್ನು ಡಿಲೀಟ್ ಮಾಡಿದ್ದೀನಿ. ಉಳಿದ ಎರಡರಲ್ಲಿ ಒಬ್ಬಳ ಅಣ್ಣನೇ ಇನ್ನೊಬ್ಬಳ ಪ್ರೇಮಿ, ಅವನೇ ಕೊಲೆಯ ಏಕೈಕ ಸಾಕ್ಷಿ. ಬಾಯಿ ಬಿಟ್ಟರೆ ತಂಗಿಯ ಮದುವೆ ಮುರಿಯುತ್ತೆ, ಬಿಡದಿದ್ದರೆ ಇವನದ್ದು. ರೂಮ್‌ಮೇಟ್ ಮಾತ್ರ ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ. ಅವಳಿಗೆ ನಾಲ್ಕನೇ ಜೋಡಿ ಇಷ್ಟ ಇತ್ತಂತೆ.