ಇಳಿಯುವ ಕೆರೆ, ಹುಣಸೆಯ ಗೂಡು

ಪಕ್ಷಿಧಾಮ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ರಂಗನತಿಟ್ಟು. ನದಿ, ನಡುಗಡ್ಡೆ, ದೋಣಿ, ದಡದಲ್ಲಿ ಬಾಯಿ ಕಳೆದು ಮಲಗಿದ ಮೊಸಳೆ. ಅದೇ ಲೆಕ್ಕದಲ್ಲಿ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದವರು ಊರೊಳಗೆ ಬಂದು ನಿಂತ ಮೇಲೂ ಪಕ್ಷಿಧಾಮ ಎಲ್ಲಿ ಎಂದು ಕೇಳುತ್ತಾರೆ. ತಲೆ ಎತ್ತಿದರೆ ಉತ್ತರ ಸಿಗುತ್ತದೆ. ಊರ ಹುಣಸೆಮರಗಳ ನೆತ್ತಿಯಲ್ಲಿ ಕಡ್ಡಿಗಳ ಅಟ್ಟ, ಅಟ್ಟದ ಮೇಲೆ ಮೂರಡಿ ಎತ್ತರದ ಹಕ್ಕಿ, ಕೆಳಗೆ ಎಂದಿನ ಹಾಗೆ ಜನ, ದನ, ಬೈಕು. ಶಿರಾ ಪಟ್ಟಣದಿಂದ ಚಂಗಾವರದ ದಾರಿಯಲ್ಲಿ ಹತ್ತು ಕಿಲೋಮೀಟರಿಗೂ ಕಡಿಮೆ ದೂರ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹೋಗುವ ಸಾವಿರಾರು ಕಾರುಗಳಲ್ಲಿ ಈ ಕಡೆ ತಿರುಗುವವು ಕೆಲವೇ. ಅದು ಹಕ್ಕಿಗಳ ಪುಣ್ಯ.

ಬಣ್ಣದ ಕೊಕ್ಕರೆಗಳ ಲೆಕ್ಕದಲ್ಲಿ ದಕ್ಷಿಣ ಭಾರತದಲ್ಲಿ ಕೊಕ್ಕರೆಬೆಳ್ಳೂರು ಬಿಟ್ಟರೆ ದೊಡ್ಡ ಗೂಡುತಾಣ ಇದೇ ಎಂದು ಹಕ್ಕಿಪ್ರಿಯರು ಹೇಳುವುದುಂಟು. ಆದರೂ ಇದರ ಇತಿಹಾಸ ತೀರಾ ಹಳೆಯದಲ್ಲ. ಇಲ್ಲಿ ಬೂದು ಬಕಗಳು ಗೂಡು ಕಟ್ಟತೊಡಗಿದ್ದು 1993ರ ಸುಮಾರಿಗೆ. ಹೊರಗಿನವರಿಗೆ ವಿಷಯ ತಿಳಿದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು ಇಲ್ಲಿಗೆ ಬಂದು ನೋಡಿ ಹೇಳಿದಾಗ. ಅಲ್ಲಿಯವರೆಗಿನ ಅಷ್ಟೂ ವರ್ಷ ಈ ಹಕ್ಕಿಗಳನ್ನು ಕಾದದ್ದು ಯಾವ ಕಾಯ್ದೆಯೂ ಅಲ್ಲ, ಯಾವ ಫಲಕವೂ ಅಲ್ಲ. ಊರಿನವರು ಕಲ್ಲು ಬೀರಲಿಲ್ಲ, ಅಷ್ಟೆ. ಆ ‘ಅಷ್ಟೆ’ಯ ಬೆಲೆ ಏನು ಎಂಬುದು ಹುಣಸೆ ಬೆಳೆಯುವ ಸೀಮೆಯವರಿಗೆ ಗೊತ್ತು.

ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ನಾಲ್ಕೂ ಕಡೆ ಹುಣಸೆ ಎಂದರೆ ಬರಗಾಲದ ಬೆಳೆ. ಶೇಂಗಾ ಕೈಕೊಟ್ಟ ವರ್ಷವೂ ಹೊಲದ ಬದುವಿನ ಹುಣಸೆಮರ ನಾಲ್ಕು ಕಾಸು ಕೊಡುತ್ತದೆ. ಹಣ್ಣು ಬಡಿಯುವ ಕಾಲ ಫೆಬ್ರವರಿಯಿಂದ ಏಪ್ರಿಲ್. ಗಳು ಹಿಡಿದು ಮರ ಹತ್ತಿ ಕೊಂಬೆ ಕೊಂಬೆ ಅಲುಗಿಸಬೇಕು, ಉದುರಿದ್ದನ್ನು ಆಯಬೇಕು, ಸಿಪ್ಪೆ ಬಿಡಿಸಿ ಬೀಜ ತೆಗೆದು ತುಮಕೂರಿನ ಮಂಡಿಗೆ ಹಾಕಬೇಕು. ಕೊಕ್ಕರೆಗಳು ಮೊಟ್ಟೆಯಿಟ್ಟು ಕೂರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಗೂಡಿರುವ ಕೊಂಬೆಗೆ ಗಳು ಹಾಕಿದರೆ ಮೊಟ್ಟೆ ನೆಲಕ್ಕೆ, ಹಾಕದಿದ್ದರೆ ಹಣ್ಣು ಮರದಲ್ಲೇ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಇದೇ ಇಕ್ಕಟ್ಟಿಗಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಎನ್ನುವ ಅಲ್ಲಿನವರ ಮಾತು ಪ್ರಸಿದ್ಧ. ಮಾತು ಚೆಂದವೇ. ಆದರೆ ಬಾಣಂತನಕ್ಕೆ ಖರ್ಚೂ ಇದೆ, ಅದನ್ನು ಹೊತ್ತವರು ಮರದ ಒಡೆಯರು ಎಂಬುದನ್ನು ದುರ್ಬೀನು ಹಿಡಿದು ಬರುವ ನಾವು ಬೇಗ ಮರೆಯುತ್ತೇವೆ.

ಕಗ್ಗಲಡುವಿನಲ್ಲಿ ಒಟ್ಟಿಗೆ ಬಿಡಾರ ಹೂಡುವ ಬೂದು ಬಕ, ಬಣ್ಣದ ಕೊಕ್ಕರೆಗಳ ಉಣ್ಣುವ ರೀತಿ ಮಾತ್ರ ಪೂರ್ತಿ ಬೇರೆ. ಅದನ್ನು ನೋಡಬೇಕಾದರೆ ಊರು ಬಿಟ್ಟು ಕೆರೆಗೆ ಹೋಗಬೇಕು. ಬೂದು ಬಕ ಕಣ್ಣಿನ ಬೇಟೆಗಾರ. ನೀರಿನಂಚಿನಲ್ಲಿ ಕತ್ತು ಮಡಚಿ, ಮಿಸುಕದೆ ನಿಂತೇ ಇರುತ್ತದೆ. ನೋಡುವವರ ತಾಳ್ಮೆ ತೀರಿದ ಮೇಲೆ ಒಂದೇ ಚುಚ್ಚು. ಬಣ್ಣದ ಕೊಕ್ಕರೆಗೆ ಕಣ್ಣಿನ ಹಂಗಿಲ್ಲ. ಉದ್ದನೆಯ ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿಗೆ ಅದ್ದಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ. ನಡುನಡುವೆ ಒಂದು ಕಾಲಿನಿಂದ ಕೆಸರು ಕದಡುತ್ತದೆ, ಥಟ್ಟನೆ ಒಂದು ರೆಕ್ಕೆ ಬಿಚ್ಚಿ ಮುಚ್ಚುತ್ತದೆ. ಬೆದರಿದ ಮೀನು ಕೊಕ್ಕಿನ ಒಳಬದಿಗೆ ತಗುಲಿದರೆ ಸಾಕು, ಕೊಕ್ಕು ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಬಗ್ಗಡದ ನೀರು ಬಕಕ್ಕೆ ತೊಡಕು, ಕೊಕ್ಕರೆಗೆ ಅಡ್ಡಿಯೇ ಅಲ್ಲ.

ಈ ತಡವಿ ಹಿಡಿಯುವ ಬೇಟೆಗೆ ಒಂದು ಷರತ್ತಿದೆ. ನೀರು ಆಳವಿರಬಾರದು, ಮೀನು ಒತ್ತೊತ್ತಾಗಿರಬೇಕು. ತುಂಬಿ ತುಳುಕುವ ಕೆರೆಯಲ್ಲಿ ಮೀನು ಚದುರಿಹೋಗಿರುತ್ತದೆ, ಕೊಕ್ಕರೆಯ ಕಾಲಿಗೆ ನೆಲವೂ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ತುಂಬಿದ್ದು ಈಗ ಇಳಿಯುತ್ತಿರುವ ಕೆರೆ. ನಮ್ಮ ಸೀಮೆಯ ಮಳೆ ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನದು. ನವೆಂಬರಿಗೆ ಕೆರೆ ತುಂಬಿದರೆ ಶಿವರಾತ್ರಿಯ ಹೊತ್ತಿಗೆ ಅಂಗಳ ಕಾಣತೊಡಗುತ್ತದೆ, ಉಳಿದ ನೀರು ಮಡುಗಳಲ್ಲಿ ನಿಲ್ಲುತ್ತದೆ, ಮೀನು ಅಲ್ಲಿ ಸೇರಿಕೊಳ್ಳುತ್ತದೆ. ಅದೇ ಹೊತ್ತಿಗೆ ಹುಣಸೆಯ ಮೇಲೆ ಗೂಡು. ಉತ್ತರ ಭಾರತದಲ್ಲಿ ಇದೇ ಹಕ್ಕಿ ಮುಂಗಾರಿನ ಕೊನೆಗೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ಗೂಡಿಗೆ ಕೂರುತ್ತದೆ. ದೆಹಲಿಯ ಮೃಗಾಲಯದ ಕೊಳಗಳಿಗೆ ಬರುವ ಕಾಡುಕೊಕ್ಕರೆಗಳ ಕಾಲವೂ ಅದೇ. ಹಕ್ಕಿ ಒಂದೇ, ಪಂಚಾಂಗ ಬೇರೆ. ನೀರು ಯಾವಾಗ ಹೇಗೆ ಇರುತ್ತದೆ ಎಂಬುದರ ಮೇಲೆ ಆ ಪಂಚಾಂಗ ನಿಂತಿದೆ.

ಮೊಟ್ಟೆ ಎರಡರಿಂದ ಐದು. ಕಾವು ಸುಮಾರು ಒಂದು ತಿಂಗಳು, ಮರಿ ರೆಕ್ಕೆ ಬಲಿತು ಹಾರಲು ಇನ್ನೆರಡು ತಿಂಗಳು. ಅಷ್ಟರಲ್ಲಿ ಶಿರಾದ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಏಪ್ರಿಲ್ ಮಧ್ಯಾಹ್ನ ಗೂಡಿನ ಕಡೆ ದುರ್ಬೀನು ತಿರುಗಿಸಿದರೆ ತಾಯಿಯೋ ತಂದೆಯೋ (ಗಂಡು ಹೆಣ್ಣು ನೋಡಲು ಒಂದೇ ತರಹ, ಕೆಲಸವೂ ಸಮಪಾಲು) ಸೂರ್ಯನಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆ ಅಗಲಿಸಿ ನಿಂತಿರುವುದು ಕಾಣುತ್ತದೆ. ಆ ನೆರಳಿನಲ್ಲಿ ಮಾಸಲು ಬಣ್ಣದ ಮರಿಗಳು ಬಾಯಿ ಕಳೆದು ಏದುತ್ತಿರುತ್ತವೆ. ಸರದಿಯ ಹಕ್ಕಿ ಕೆರೆಯಿಂದ ಬಂದು ಮೀನನ್ನು ಗೂಡಿನ ಮೇಲೆ ಕಕ್ಕುತ್ತದೆ. ಕೆಲವು ಸಲ ಬರೀ ನೀರು ತಂದು ಮರಿಗಳ ಬಾಯಿಗೆ ಸುರಿಯುತ್ತದೆ. ದೊಡ್ಡ ಕೊಕ್ಕರೆಗಳಿಗೆ ಕೂಗುವ ಗಂಟಲಿಲ್ಲ, ಕೊಕ್ಕಿಗೆ ಕೊಕ್ಕು ತಟ್ಟಿ ಕಟಕಟ ಎನಿಸುವುದೇ ಅವುಗಳ ಮಾತು. ಮರಿಗಳ ಗಲಾಟೆ ಮಾತ್ರ ಇಡೀ ಊರಿಗೆ ಕೇಳುವಷ್ಟು. ಇನ್ನು ಮರದಡಿಯ ವಿಷಯ: ನೆಲಕ್ಕೆ ಸುಣ್ಣ ಬಳಿದಂತಿರುತ್ತದೆ, ಕೊಳೆತ ಮೀನಿನ ವಾಸನೆ ಇರುತ್ತದೆ. ಬಿಳಿ ಅಂಗಿ ತೊಟ್ಟವರು ಅಲ್ಲಿ ಸೆಲ್ಫಿಗೆ ನಿಲ್ಲದಿರುವುದು ಒಳ್ಳೆಯದು.

ಹೀಗಾಗಿ ಕಗ್ಗಲಡುವಿನ ಕತೆ ಅರ್ಧ ಮರದ ಮೇಲೆ, ಇನ್ನರ್ಧ ನೀರಿನಲ್ಲಿ. ಮರವನ್ನು ಊರು ಕಾಯಬಹುದು. ನೀರು ಊರಿನ ಕೈಯಲ್ಲಿಲ್ಲ. ಕೆರೆ ಬತ್ತಿದ ವರ್ಷ ಹಕ್ಕಿ ಕಡಿಮೆ, ಬರವೇ ಬಿದ್ದರೆ ಮರ ಖಾಲಿ. ಶಿರಾದ ದೊಡ್ಡ ಕೆರೆ, ಕಳ್ಳಂಬೆಳ್ಳ ಕೆರೆಗಳಿಗೆ ಈಗ ಹೇಮಾವತಿ ನಾಲೆಯ ಆಸರೆ ಇದೆ. ಉಳಿದ ಕೆರೆಗಳ ಪಾಡು ಮಳೆ ನಂಬಿದ್ದು. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಮಾತು ಪ್ರಚಾರದ ನಡುವಿಗೇ ಬಂದು ಕೂತದ್ದು ಇಲ್ಲಿಯವರಿಗೆ ನೆನಪಿದೆ. ಒಂದು ಕೆರೆ ತುಂಬಿಸುವ ಭರವಸೆಗೆ ಮತ ಬೀಳುವ ತಾಲ್ಲೂಕು ಇದು. ಆ ಭಾಷಣಗಳಲ್ಲಿ ಕೊಕ್ಕರೆಯ ಹೆಸರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ರೈತನ ಕೊಳವೆಬಾವಿಗೆ ಆಗುವ ಲಾಭ ಹಕ್ಕಿಗೂ ಆಗುತ್ತದೆ. ಆದರೆ ಕೆರೆ ಅಭಿವೃದ್ಧಿ ಎಂದು ಜೆಸಿಬಿ ತಂದು ಅಂಗಳವನ್ನು ಬಾವಿಯಂತೆ ಸಮನಾಗಿ ತೋಡಿದರೆ ನೀರು ನಿಂತೀತು, ಕೊಕ್ಕರೆ ನಿಲ್ಲಲಾರದು. ಕೆರೆಗೆ ಇಳಿಜಾರಿನ ಅಂಚು ಉಳಿಯಬೇಕು. ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಇದ್ದರೆ ಚೆನ್ನ.

ಕೆರೆ ದಂಡೆಯಲ್ಲಿ ಟೆಂಟ್ ಹಾಕಬಹುದೇ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕಗ್ಗಲಡುವಿನಲ್ಲಿ ಬೇಡ ಎಂಬುದು ನನ್ನ ಉತ್ತರ. ಬೆಳಗಿನ ಜಾವ ಹಕ್ಕಿ ಮೊದಲು ಇಳಿಯುವುದೇ ಆ ಅಂಚಿಗೆ. ಅಲ್ಲಿ ಹಳದಿ ಗುಡಾರ ಎದ್ದರೆ ನಾವು ನೋಡಲು ಬಂದದ್ದನ್ನು ನಾವೇ ಓಡಿಸಿದಂತೆ. ಏರಿಯ ಆಚೀಚೆ ಬಳ್ಳಾರಿ ಜಾಲಿಯ ಮುಳ್ಳು ಬೇರೆ. ಟೆಂಟಿಗೆ ಬೇರೆ ಜಾಗ ಎಂದರೆ, ಕೊರಟಗೆರೆಯ ತೀತಾ ಜಲಾಶಯ ಕಣ್ಣಿಗೆ ತಂಪು. ಗೊರವನಹಳ್ಳಿಯ ಲಕ್ಷ್ಮಿಗೆ ಕೈಮುಗಿದು ಬಂದವರು ಸಂಜೆ ಅಲ್ಲಿ ನೀರುಕಾಗೆ, ಮಿಂಚುಳ್ಳಿ ನೋಡುತ್ತಾ ಕೂರಬಹುದು. ಆದರೆ ಕೊರಟಗೆರೆ, ಮಧುಗಿರಿಯ ಬಂಡೆಗುಡ್ಡಗಳು ಕರಡಿ, ಚಿರತೆಗಳ ಮನೆ. ಮಧುಗಿರಿಯ ತಿಮ್ಲಾಪುರದ ಕಾಡನ್ನು ಕರಡಿಗಳಿಗೆಂದೇ ವನ್ಯಧಾಮ ಮಾಡಿದ್ದಾರೆ. ಗುಡ್ಡದ ಬುಡದಲ್ಲಿ ರಾತ್ರಿ ಒಲೆ ಹಚ್ಚಿ ಕೂರುವುದು ಸಾಹಸವಲ್ಲ, ಹುಂಬತನ.

ರಾತ್ರಿ ಹೊರಗೇ ಇರಬೇಕು ಎನ್ನುವವರು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಡೆ ನೋಡಬೇಕು. ಕೊಡಿಗೇನಹಳ್ಳಿ ಹೋಬಳಿಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ 798 ಎಕರೆಯ ಬಯಲು. 2007ರಲ್ಲಿ ಇದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಹೆಸರೇ ಇದಕ್ಕೂ. ಇಲ್ಲಿ ಕೆರೆಯ ಬದಲು ಹುಲ್ಲು, ಕೊಕ್ಕರೆಯ ಬದಲು ಚಿಗರೆ. ಅರಣ್ಯ ಇಲಾಖೆಯ ವೀಕ್ಷಣಾ ಗೋಪುರ ಇದೆ, ತಂಗಲು ಮುಂಚೆಯೇ ಇಲಾಖೆಯ ಅನುಮತಿ ಪಡೆಯಬೇಕು. ಕತ್ತಲಾದ ಮೇಲೂ ಟಿಟ್ಟಿಭ ಸುಮ್ಮನಿರುವುದಿಲ್ಲ, ಬೆಳಗಾಗುವ ಮೊದಲೇ ನೆಲಗುಬ್ಬಿ ಆಕಾಶಕ್ಕೆ ಏರಿ ಹಾಡತೊಡಗುತ್ತದೆ. ಇಂಥ ಬಯಲನ್ನು ಕಂದಾಯದ ಕಡತಗಳು ಪಾಳು ಎಂದು ಕರೆದುಬಿಡುತ್ತವೆ. ಪಕ್ಕದ ಪಾವಗಡದಲ್ಲಿ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೌರಫಲಕಗಳ ಅಡಿಗೆ ಹೋಗಿದೆ. ರೈತರಿಗೆ ವರ್ಷವರ್ಷ ಗುತ್ತಿಗೆ ಹಣ ಬರುತ್ತದೆ, ಅದಕ್ಕೆ ತಕರಾರಿಲ್ಲ. ಹುಲ್ಲಿನ ಹಕ್ಕಿಗೆ ಗುತ್ತಿಗೆ ಕೊಡುವವರಿಲ್ಲದ್ದರಿಂದ ಮೈದನಹಳ್ಳಿಯ 798 ಎಕರೆಯ ತೂಕ ಇನ್ನಷ್ಟು ಹೆಚ್ಚಿದೆ ಎಂದಷ್ಟೇ ಹೇಳಬೇಕು.

ಸುಲಭದ ದಾರಿ ಎಂದರೆ ಶಿರಾದಲ್ಲಿ ಕೋಣೆ ಹಿಡಿದು ಬೆಳಗಿನ ಆರಕ್ಕೆ ಕಗ್ಗಲಡು ಸೇರುವುದು. ಫೆಬ್ರವರಿಯಿಂದ ಆಗಸ್ಟ್‌ವರೆಗೆ ಕಾಲ. ಮಾರ್ಚ್–ಏಪ್ರಿಲಿನಲ್ಲಿ ಗೂಡು ತುಂಬಿರುತ್ತದೆ. ಮರಗಳು ಯಾರದೋ ಹಿತ್ತಿಲಲ್ಲಿ, ಯಾರದೋ ಹೊಲದಲ್ಲಿ ಇರುವುದರಿಂದ ಕೇಳಿಯೇ ಒಳಗೆ ಹೋಗಬೇಕು. ಡ್ರೋನ್ ಹಾರಿಸಿದರೆ ದೊಡ್ಡ ಹಕ್ಕಿ ಗೂಡು ಬಿಟ್ಟು ಏಳುತ್ತದೆ, ಆ ಬಿಸಿಲಿಗೆ ಮರಿ ಹೆಚ್ಚು ಹೊತ್ತು ತಡೆಯುವುದಿಲ್ಲ. ಒಂಬತ್ತರ ನಂತರ ಗಾಳಿ ಕಾದು ಕೊಕ್ಕರೆಗಳು ಸುತ್ತು ಹಾಕುತ್ತಾ ಮೇಲೇರುವಾಗ ಫೋಟೊದವರಿಗೆ ಹಬ್ಬ. ಬಾಲದ ಮೇಲೆ ಬಾಗುವ ರೆಕ್ಕೆಯ ಗುಲಾಬಿ ಗರಿ ಬೇಕಾದವರು ಅದಕ್ಕೂ ಮುಂಚಿನ ಓರೆ ಬಿಸಿಲನ್ನೇ ಹಿಡಿಯಬೇಕು. ವಾಪಸು ಬರುವಾಗ ಕ್ಯಾತಸಂದ್ರದ ತಟ್ಟೆ ಇಡ್ಲಿ ತುಮಕೂರು ದಾರಿಯ ಹಕ್ಕಿ ವೀಕ್ಷಕರಿಗೆ ತಪ್ಪದ ಕಟ್ಟಳೆ. ಹೊರಡುವ ಮೊದಲು ಶಿರಾದಲ್ಲಿ ಪರಿಚಯದವರು ಯಾರಾದರೂ ಇದ್ದರೆ ಒಂದು ಫೋನ್ ಹಾಕಿ, ಹೋದ ಹಿಂಗಾರಿನಲ್ಲಿ ಕೆರೆಗೆ ನೀರು ಬಂದಿತ್ತೇ ಎಂದು ಕೇಳಿ. ಬಂದಿರಲಿಲ್ಲ ಎಂದರೆ ಆ ವಾರ ಮೈದನಹಳ್ಳಿಗೇ ಹೋಗಿ.