ಮಾಸ್ಕೋಗೆ ಗೊತ್ತಿದ್ದ ಅಮೆರಿಕದ ಗುಟ್ಟು

1943ರ ಫೆಬ್ರವರಿ 1. ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್‌ನಲ್ಲಿ ಜೀನ್ ಗ್ರಾಬೀಲ್ ಎಂಬ ಯುವತಿ ಹೊಸ ಕೆಲಸ ಕೈಗೆತ್ತಿಕೊಂಡರು. ಹೆಣ್ಣುಮಕ್ಕಳ ಕಾಲೇಜಾಗಿದ್ದ ಆ ಕಟ್ಟಡದಲ್ಲಿ ಆಗ ಅಮೆರಿಕದ ಸೇನೆಯ ಗೂಢಲಿಪಿ ವಿಭಾಗವಿತ್ತು. ಗ್ರಾಬೀಲ್ ಅದುವರೆಗೆ ಶಾಲಾ ಶಿಕ್ಷಕಿ. ಸೋವಿಯತ್ ಕಚೇರಿಗಳು ಮಾಸ್ಕೋಗೆ ಕಳಿಸಿದ ತಂತಿ ಸಂದೇಶಗಳ ಪ್ರತಿಗಳು ರಾಶಿ ಬಿದ್ದಿದ್ದವು; ಅವನ್ನು ಭೇದಿಸುವುದೇ ಅವರ ಕೆಲಸ. ಹಿಟ್ಲರನ ವಿರುದ್ಧ ಎರಡೂ ದೇಶಗಳು ಒಂದೇ ಪಾಳಯದಲ್ಲಿದ್ದ ಕಾಲವದು. ಮುಂದೆ 'ವೆನೋನಾ' ಎಂದು ಹೆಸರಾದ ಈ ಶೋಧ 1980ರವರೆಗೆ ನಡೆಯಿತು.

ಸೋವಿಯತ್ ಪದ್ಧತಿ ಬಲು ಭದ್ರ. ಸಂದೇಶದ ಪದಗಳನ್ನು ಸಂಕೇತಕೋಶ ನೋಡಿ ಅಂಕಿಗಳಾಗಿಸುವುದು. ಆಮೇಲೆ ಇನ್ನೊಂದು ಪುಸ್ತಿಕೆಯಲ್ಲಿರುವ, ಯಾವ ಕ್ರಮಕ್ಕೂ ಸಿಗದ ಅಂಕಿಗಳನ್ನು ಅವಕ್ಕೆ ಕೂಡಿಸುವುದು. ಪುಸ್ತಿಕೆಯ ಒಂದು ಹಾಳೆಯನ್ನು ಒಮ್ಮೆ ಮಾತ್ರ ಬಳಸಿದರೆ ಯಾರಿಂದಲೂ ಭೇದಿಸಲಾಗದು. ಆದರೆ 1942ರ ಆರಂಭದಲ್ಲಿ, ಯುದ್ಧದ ಒತ್ತಡದ ನಡುವೆ, ಸುಮಾರು 35,000 ಹಾಳೆಗಳು ಎರಡೆರಡು ಸಲ ಅಚ್ಚಾದವು. ಮರುವರ್ಷ ಪುರಾತತ್ವಜ್ಞ ರಿಚರ್ಡ್ ಹ್ಯಾಲಕ್ ಈ ಪುನರಾವರ್ತನೆಯ ಸುಳಿವು ಹಿಡಿದರು. ಬಹುಭಾಷಾ ಪಂಡಿತ ಮೆರೆಡಿತ್ ಗಾರ್ಡ್ನರ್ ಸಂಕೇತಕೋಶವನ್ನು ಪದಪದವಾಗಿ ಮರಳಿ ಕಟ್ಟಿದರು. 1946ರ ಡಿಸೆಂಬರ್‌ನಲ್ಲಿ ಅವರು ಒಡೆದ ಒಂದು ಸಂದೇಶದಲ್ಲಿ ಅಣುಬಾಂಬ್ ಯೋಜನೆಯ ವಿಜ್ಞಾನಿಗಳ ಹೆಸರುಗಳಿದ್ದವು.

ಗೂಢಚಾರರೆಲ್ಲ ಗುಪ್ತನಾಮಗಳ ಹಿಂದೆ ಅಡಗಿದ್ದರು. ಅವರನ್ನು ಬಯಲಿಗೆಳೆದದ್ದು ಸಣ್ಣಪುಟ್ಟ ಸಂಸಾರದ ಸಂಗತಿಗಳು. 'ಹೋಮರ್' ಎಂಬಾತ ಬಸುರಿ ಹೆಂಡತಿಯನ್ನು ಕಾಣಲು ವಾಷಿಂಗ್ಟನ್ನಿಂದ ನ್ಯೂಯಾರ್ಕ್‌ಗೆ ಹೋಗುತ್ತಾನೆಂದು ಒಂದು ಸಂದೇಶ ಹೇಳಿತು. ಆತ ಬ್ರಿಟಿಷ್ ರಾಜತಾಂತ್ರಿಕ ಡೊನಾಲ್ಡ್ ಮೆಕ್ಲೀನ್. 'ಜ್ಯೂರಿಸ್ಟ್' ಎಂದರೆ ಅಮೆರಿಕದ ಹಣಕಾಸು ಇಲಾಖೆಯ ಹಿರಿಯ ಅಧಿಕಾರಿ ಹ್ಯಾರಿ ಡೆಕ್ಸ್‌ಟರ್ ವೈಟ್ ಎಂದು ವಿಶ್ಲೇಷಕರು ಗುರುತಿಸಿದರು. ಅಷ್ಟರಲ್ಲಿ ವೈಟ್ ತೀರಿಕೊಂಡಿದ್ದರು.

ಹೆಸರು ಸಿಕ್ಕಿತು, ನ್ಯಾಯಾಲಯಕ್ಕೆ ಒಯ್ಯುವುದು ಹೇಗೆ? ಸಂದೇಶ ತೋರಿಸಿದರೆ ಸಂಕೇತ ಒಡೆದ ಸಂಗತಿಯೇ ಬಯಲು. ಹಾಗಾಗಿ ಎಫ್‌ಬಿಐ ಅಧಿಕಾರಿ ರಾಬರ್ಟ್ ಲ್ಯಾಂಫಿಯರ್ ಮತ್ತವರ ತಂಡ ಪ್ರತಿ ಪ್ರಕರಣದಲ್ಲೂ ಬೇರೆ ಸಾಕ್ಷ್ಯವನ್ನೋ ತಪ್ಪೊಪ್ಪಿಗೆಯನ್ನೋ ಹುಡುಕಬೇಕಾಯಿತು. ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ಭೌತವಿಜ್ಞಾನಿ ಕ್ಲಾಸ್ ಫುಕ್ಸ್ 1950ರಲ್ಲಿ ಬ್ರಿಟನ್ನಿನಲ್ಲಿ ತಪ್ಪೊಪ್ಪಿಕೊಂಡ. 14 ವರ್ಷ ಶಿಕ್ಷೆಯಾಯಿತು. ಅದೇ ಎಳೆ ಹಿಡಿದು ಹೋದ ತನಿಖೆ ಎಂಜಿನಿಯರ್ ಜೂಲಿಯಸ್ ರೋಸೆನ್‌ಬರ್ಗ್‌ವರೆಗೆ ಮುಟ್ಟಿತು.

ಜೂಲಿಯಸ್‌ನ ಹೆಂಡತಿ ಎಥೆಲ್ ಬಗ್ಗೆ 1944ರ ಸಂದೇಶವೊಂದರಲ್ಲಿ ಗಂಡನ ಕೆಲಸ ಆಕೆಗೆ ಗೊತ್ತು, ಆರೋಗ್ಯ ಸರಿಯಿಲ್ಲದ ಕಾರಣ ಸ್ವತಃ ಕೆಲಸ ಮಾಡುವುದಿಲ್ಲ ಎಂಬರ್ಥದ ಮಾತಿದೆ. ಬೇಹುಗಾರಿಕೆಯ ಆರೋಪದ ಮೇಲೆ ಇಬ್ಬರ ವಿಚಾರಣೆ ನಡೆದಾಗ ಜ್ಯೂರಿ ಇದನ್ನು ನೋಡಲೇ ಇಲ್ಲ. 1953ರ ಜೂನ್ 19ರಂದು ದಂಪತಿಗೆ ಮರಣದಂಡನೆಯಾಯಿತು.

ಇಷ್ಟು ಜೋಪಾನ ಮಾಡಿದ ಗುಟ್ಟು ಮಾಸ್ಕೋಗೆ ಎಂದೋ ತಲುಪಿತ್ತು. ಆರ್ಲಿಂಗ್ಟನ್ ಹಾಲ್‌ನಲ್ಲೇ ಕೆಲಸಕ್ಕಿದ್ದ ವಿಲಿಯಂ ವೈಸ್‌ಬ್ಯಾಂಡ್ ಸೋವಿಯತ್ ಪರ ಬೇಹುಗಾರ. ಬ್ರಿಟಿಷ್ ಗುಪ್ತಚರ ಸಂಸ್ಥೆಯ ಪ್ರತಿನಿಧಿಯಾಗಿ 1949ರಲ್ಲಿ ವಾಷಿಂಗ್ಟನ್‌ಗೆ ಬಂದ ಕಿಮ್ ಫಿಲ್ಬಿಯೂ ಅಂಥವನೇ. ಕತ್ತಲಲ್ಲಿ ಉಳಿದವರು ಅಮೆರಿಕದ ಜನ. 1950ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ವಿದೇಶಾಂಗ ಇಲಾಖೆಯ ತುಂಬ ಕಮ್ಯುನಿಸ್ಟರಿದ್ದಾರೆಂದು ಅಬ್ಬರಿಸಿದಾಗ, ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ದಾರಿ ಅವರಿಗಿರಲಿಲ್ಲ.

ಸುಮಾರು 3,000 ಸಂದೇಶಗಳು, ಹಲವು ಅರೆಬರೆಯಾಗಿಯೇ, 1995ರಿಂದ ಬಹಿರಂಗವಾಗತೊಡಗಿದವು. ಲಾಸ್ ಅಲಮೋಸ್‌ನ ಬಾಂಬ್ ರಹಸ್ಯಗಳನ್ನು ಹತ್ತೊಂಬತ್ತರ ಹರೆಯದಲ್ಲೇ ದಾಟಿಸಿದ್ದ ಭೌತವಿಜ್ಞಾನಿ ಥಿಯೋಡೋರ್ ಹಾಲ್‌ನ ಹೆಸರೂ ಅವುಗಳಲ್ಲಿತ್ತು. ಎಫ್‌ಬಿಐ 1951ರಲ್ಲೇ ಅವನನ್ನು ವಿಚಾರಿಸಿತ್ತು. ಅವನು ಬಾಯಿ ಬಿಡಲಿಲ್ಲ, ಸಂದೇಶಗಳನ್ನು ಸಾಕ್ಷ್ಯವಾಗಿ ಮುಂದಿಡುವಂತೆಯೂ ಇರಲಿಲ್ಲ. 1999ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತೀರಿಕೊಳ್ಳುವವರೆಗೂ ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ.