ಟಂಕಸಾಲೆ ಇದ್ದ ಹಳ್ಳಿ!

ರೋಣ, ನರಗುಂದ, ಗಜೇಂದ್ರಗಡ. ಎರೆಹೊಲ, ಬಿಳಿಜೋಳ, ಕಡಲೆಯ ಸೀಮೆ. ಇಲ್ಲಿನ ಒಂದು ಹಳ್ಳಿಯಲ್ಲಿ ಸಾವಿರ ವರ್ಷಗಳ ಹಿಂದೆ ಏನು ತಯಾರಾಗುತ್ತಿತ್ತು, ಹೇಳಿ ನೋಡೋಣ! ಕಂಬಳಿಯೇ? ಅಲ್ಲ. ಗಾಣದೆಣ್ಣೆಯೇ? ಅಲ್ಲವೇ ಅಲ್ಲ!

ನಾಣ್ಯ! ಸಾಮ್ರಾಜ್ಯದ ನಾಣ್ಯ!

ಊರು ಸೂಡಿ. ಕಲ್ಯಾಣದ ಚಾಲುಕ್ಯರಿಗೆ ಲಕ್ಕುಂಡಿಯಲ್ಲೊಂದು ಟಂಕಸಾಲೆ, ಇಲ್ಲೊಂದು!

ತಾಳಿ, ಇನ್ನೂ ಇದೆ. ಈ ಊರು ಸೇರಿದ್ದ ‘ಕಿಸುಕಾಡು ಎಪ್ಪತ್ತು’ ಎಂಬ ನಾಡನ್ನು ಆಳುತ್ತಿದ್ದವರು ಯಾರು? ಒಬ್ಬ ಹೆಣ್ಣುಮಗಳು! ಅಕ್ಕಾದೇವಿ, ಚಾಲುಕ್ಯ ದೊರೆ ಐದನೆಯ ವಿಕ್ರಮಾದಿತ್ಯನ ಸೋದರಿ. ಬಿರುದು ‘ಗುಣದ ಬೆಡಂಗಿ’. ರಣದಲ್ಲಿ ಸಾಕ್ಷಾತ್ ಭೈರವಿ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು! 1010ರ ಸೂಡಿಯ ಶಾಸನದಲ್ಲಿ ಅವಳ ಹೆಸರು ಇಂದಿಗೂ ಇದೆ.

ಇಂಥ ಊರು ಕ್ಷೀಣಿಸಿದ್ದು ಹೇಗೆ? ಮೊದಲ ಪೆಟ್ಟು ಚೋಳರ ಯುದ್ಧದ್ದು. ಊರಿನ ಕಟ್ಟುಕಟ್ಟಳೆ ಸಡಿಲವಾಯಿತು. ವ್ಯವಸ್ಥೆ ಸೊರಗಿತು. ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ!

1050ರ ಸುಮಾರಿಗೆ ಅಕ್ಕಾದೇವಿಯ ಅಧಿಕಾರಿಗಳು ಹಳೆಯ ಕಟ್ಟಳೆಯನ್ನೇ ಹೊಸದಾಗಿ ಬರೆದುಕೊಟ್ಟರು. ಯಾರಿಗೆ ಗೊತ್ತೇ? ಎಂಟು ಸೆಟ್ಟರಿಗೆ, ಎಂಬತ್ತು ಒಕ್ಕಲಿಗೆ! ಕುಸಿಯುತ್ತಿದ್ದ ಊರನ್ನು ಎತ್ತಿ ನಿಲ್ಲಿಸಲು ಶಾಸನ! ನನಗಂತೂ ಟಂಕಸಾಲೆಗಿಂತ ಇದೇ ದೊಡ್ಡ ಸೋಜಿಗ.

ಊರು ಮತ್ತೆ ಚಿಗುರಿತು. 1060ರ ಸುಮಾರಿಗೆ ದಂಡನಾಯಕ ನಾಗದೇವ ಗುಡಿ ಕಟ್ಟಿಸಿದ. ಒಂದೇ ಗುಡಿಗೆ ಎರಡು ಶಿಖರ! ಜನ ಅದನ್ನು ಕರೆಯುವುದೇ ಜೋಡುಕಳಸದ ಗುಡಿ ಎಂದು.

ಅದರಾಚೆ ನಾಗಕುಂಡ. ಹೆಸರಿಗೆ ನೀರಿನ ಹೊಂಡ. ಇಳಿದು ನೋಡಿ! ಗೋಡೆಯಲ್ಲೆಲ್ಲ ಪುಟ್ಟ ಪುಟ್ಟ ಗುಡಿಗಳ ಕೆತ್ತನೆ. ನೀರು ಸೇದುವ ಜಾಗಕ್ಕೆ ಇಷ್ಟೊಂದು ಅಂದ! ಬೊಕ್ಕಸ ತುಂಬಿದ ಊರಷ್ಟೇ ಹೀಗೆ ಕೆತ್ತಿಸಬಲ್ಲದು.

ಆಮೇಲೆ ಬಂತು ಎರಡನೆಯ ಇಳಿಗಾಲ. 12ನೆಯ ಶತಮಾನದ ಕೊನೆಗೆ ಚಾಲುಕ್ಯರ ಆಳ್ವಿಕೆಯೇ ಮುಗಿಯಿತು. ಈ ಸಲ ಕಟ್ಟಳೆ ಬರೆದುಕೊಡಲು ಅಕ್ಕಾದೇವಿ ಇರಲಿಲ್ಲ. ಟಂಕಸಾಲೆ ಹೋಯಿತು. ದಂಡನಾಯಕರು ಹೋದರು. ಪಟ್ಟಣ ಹಳ್ಳಿಯಾಯಿತು.

ಆದರೆ ಕಲ್ಲು ಕದಲಲಿಲ್ಲ! ಮಂಟಪದೊಳಗೆ ಭಾರೀ ಗಣಪ ಇನ್ನೂ ಕೂತಿದ್ದಾನೆ. ಜೋಡುಕಳಸ ಇನ್ನೂ ನಿಂತಿದೆ.

ಬಾದಾಮಿ, ಪಟ್ಟದಕಲ್ಲಿಗೆ ಹೋಗುವವರೇ, ದಾರಿ ಸ್ವಲ್ಪ ತಿರುಗಿಸಿ. ಗಜೇಂದ್ರಗಡದ ಕಡೆ ಬಂದರೆ ಸೂಡಿಗೆ ಅರ್ಧ ದಿನ ಕೊಡಿ, ನಾಗಕುಂಡಕ್ಕೆ ತಪ್ಪದೆ ಇಳಿಯಿರಿ!